ಬೋರು ನಂಬಿ ಬೇಸಿಗೆ ಭತ್ತ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಹಾನಗಲ್ ತಾಲೂಕು. ಮಳೆಗಾಲದಲ್ಲಿ ಭತ್ತ ಬೆಳೆಯುತ್ತೇವೆ. ಹೋದ ವರ್ಷ ಬೋರು ಹೊಡೆಸಿದೆವು, ಎರಡಿಂಚು ನೀರು ಬಿತ್ತು. 200 ಲೀಟರ್ ಡ್ರಮ್ಮು 4 ನಿಮಿಷಕ್ಕೆ ತುಂಬುತ್ತದೆ. ಬೇಸಿಗೆಗೆ ಎರಡೆಕರೆ ಭತ್ತ ಹಚ್ಚಬಹುದೇ?

ಉತ್ತರ: ಬೇಡ. ಡ್ರಮ್ಮಿನ ಅಳತೆ ಕೊಟ್ಟಿದ್ದು ಒಳ್ಳೆಯದಾಯಿತು, ಲೆಕ್ಕ ಸುಲಭ. ತಾಸಿಗೆ 3,000 ಲೀಟರ್. ತ್ರೀ ಫೇಸ್ ಕರೆಂಟು ದಿನಕ್ಕೆ 7 ತಾಸು ಪೂರ್ತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ (ಎಷ್ಟು ಸಿಗುತ್ತದೆ ಅನ್ನೋದು ನಿಮಗೇ ಗೊತ್ತು), 21,000 ಲೀಟರ್ ಆಯಿತು. ಈಗ ಗದ್ದೆ ಕಡೆ ಬನ್ನಿ. ಒಂದೆಕರೆಯಲ್ಲಿ ಒಂದು ಮಿಲಿಮೀಟರ್ ನೀರು ಅಂದರೆ ಸುಮಾರು 4,000 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 5-6 ಮಿಲಿಮೀಟರ್ ಬಿಸಿಲಿಗೇ ಹೋಗುತ್ತದೆ. ಅಲ್ಲಿಗೆ ನಿಮ್ಮ ಬೋರಿನ ದಿನದ ನೀರು ಒಂದೆಕರೆಯ ಬಿಸಿಲಿಗೇ ಖರ್ಚು, ಇನ್ನು ಕೆಸರು ಮಾಡಲು, ಕೆಳಗೆ ಇಂಗಲು, ಒಡ್ಡಿನಲ್ಲಿ ಸೋರಲು ಎಲ್ಲಿಂದ ತರುತ್ತೀರಿ? ಒಂದೆಕರೆಗೆ 5 ಸೆಂಟಿಮೀಟರ್ ನೀರು ನಿಲ್ಲಿಸಬೇಕೆಂದರೂ 2 ಲಕ್ಷ ಲೀಟರ್ ಬೇಕು. ಒಂದು ಹನಿಯೂ ಹಾಳಾಗದಿದ್ದರೂ ಒಂಬತ್ತು ದಿನ ದಾಟುತ್ತದೆ.

ಇನ್ನೊಂದು ಮಾತು. ನಮ್ಮ ಭಾಗದ ನೆಲದಡಿ ಗಟ್ಟಿ ಕಲ್ಲು. ನೀರಿರುವುದು ಅದರ ಬಿರುಕುಗಳಲ್ಲಿ ಮಾತ್ರ. ಪಕ್ಕದ ಹೊಲದವರೂ ಅದೇ ಬಿರುಕಿನಿಂದ ಎತ್ತುತ್ತಿರಬಹುದು. ಕರೆಂಟು ಬಂದ ಕೂಡಲೇ ಮೋಟರು ತಾನೇ ಶುರುವಾಗುವ ಆಟೋ ಸ್ಟಾರ್ಟರ್ ಹಾಕಿ ಮಲಗಿದರೆ ಅದು ತನ್ನ ಪಾಡಿಗೆ ಓಡುತ್ತದೆ. ಕರೆಂಟಿನ ಬಿಲ್ಲು ಬರುವುದಿಲ್ಲವಲ್ಲ, ಹಾಗಾಗಿ ಯಾರಿಗೂ ಎದ್ದು ಹೋಗಿ ನೋಡುವ ಅವಸರವಿಲ್ಲ.

ಬೋರನ್ನು ಮಳೆಗಾಲದ ಭತ್ತಕ್ಕೆ ಆಸರೆಯಾಗಿ ಇಟ್ಟುಕೊಳ್ಳಿ. ನಮ್ಮಲ್ಲಿ ಕೂರಿಗೆ ಬಿತ್ತನೆ ಹೊಸದೇನಲ್ಲ. ಒಣ ಮಣ್ಣಿಗೇ ಬಿತ್ತಿ, ಎಡೆ ಹೊಡೆದು, ಆಮೇಲೆ ಬಂದ ಮಳೆಗೆ ನೀರು ನಿಲ್ಲಿಸಿಕೊಳ್ಳುವ ಪದ್ಧತಿ. ಕೆಸರು ಮಾಡುವ ನೀರೇ ಉಳಿಯಿತು, ಅಲ್ವಾ? ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮುಗದ ಕೇಂದ್ರದಲ್ಲಿ ಭತ್ತದ ಮೇಲೇ ಕೆಲಸ ನಡೆಯುತ್ತದೆ, ತಳಿ ಆರಿಸುವ ಮುಂಚೆ ಅಲ್ಲಿ ಕೇಳಿ. ಹೊಡೆ ಬರುವ (ತೆನೆ ಹೊರಬರುವ ಮುಂಚಿನ) ಹೊತ್ತಿಗೆ ಮಳೆ ಕೈಕೊಟ್ಟರೆ ಬೋರು ಹಚ್ಚಿ. ಆಗ ಒಂದು ಸಲ ಕೊಟ್ಟ ನೀರು ಬೆಳೆಯನ್ನೇ ಉಳಿಸುತ್ತದೆ. ಬೇಸಿಗೆಗೆ ಏನಾದರೂ ಬೇಕೇ ಬೇಕು ಅಂದರೆ ಅರ್ಧ ಎಕರೆ ಶೇಂಗಾ ಹಾಕಿ, ಸ್ಪ್ರಿಂಕ್ಲರ್‌ನಲ್ಲಿ.

ಪ್ರಶ್ನೆ: ಗದ್ದೆಯಲ್ಲಿ ಪೈಪು ಹೂಳಿ ನೀರು ಉಳಿಸಬಹುದಂತೆ, ನಿಜವೇ? (ಕಲಘಟಗಿಯಿಂದ)

ಉತ್ತರ: ನಿಜ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ವಿಧಾನ ಅದು. ಒಂದಡಿ ಉದ್ದದ, ಒಳಗೆ ಕೈ ಹಿಡಿಸುವಷ್ಟು ಅಗಲದ ಪಿವಿಸಿ ಪೈಪು ತಗೊಂಡು ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆಯಿರಿ. ಅಷ್ಟನ್ನು ಹೂಳಿ, ಒಳಗಿನ ಮಣ್ಣು ತೆಗೆದುಬಿಡಿ. ಬಗ್ಗಿ ನೋಡಿದರೆ ನೀರು ಎಷ್ಟು ಕೆಳಗಿದೆ ಅಂತ ಕಾಣುತ್ತದೆ. ಮೇಲ್ಮಣ್ಣು ಒಣಗಿದಂತೆ ಕಂಡರೂ ಬೇರಿಗೆ ಇನ್ನೂ ನೀರಿರುತ್ತದೆ. ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ನೀರು ಹಾಯಿಸಿದರೆ ಸಾಕು. ಶೇಕಡಾ 30ರವರೆಗೂ ನೀರು ಉಳಿಯಬಹುದು, ಇಳುವರಿ ಇಳಿಯುವುದಿಲ್ಲ. ನಾಟಿಯಾದ ಮೊದಲ ಎರಡು ವಾರ ಮಾತ್ರ ನೀರು ನಿಲ್ಲಿಸಿ, ಇಲ್ಲದಿದ್ದರೆ ಕಳೆ ಏಳುತ್ತದೆ. ಹೂ ಬಿಡುವ ಹಿಂದಿನ ಮುಂದಿನ ವಾರವೂ ಒಣಗಿಸಬೇಡಿ. ನಿಮ್ಮದು ಎರೆ (ಕಪ್ಪು ಮಣ್ಣಿನ) ಭೂಮಿಯಾದರೆ ಪೈಪನ್ನೇ ನಂಬಿ ಕೂರಬೇಡಿ. ದೊಡ್ಡ ಬಿರುಕು ಬಿಟ್ಟರೆ ಕೊಟ್ಟ ನೀರೆಲ್ಲ ಅದರಲ್ಲೇ ಇಳಿದುಹೋಗುತ್ತದೆ.

ಪ್ರಶ್ನೆ: ಮಳೆನೀರನ್ನು ನೇರ ಬೋರಿಗೇ ಬಿಡಬಹುದೇ? (ಶಿರಹಟ್ಟಿಯಿಂದ)

ಉತ್ತರ: ನೇರ ಬಿಡಲೇಬೇಡಿ. ರಾಡಿ ಇಳಿದು ಬಿರುಕು ಮುಚ್ಚಿಕೊಂಡರೆ ಇದ್ದ ನೀರೂ ಹೋದೀತು. ಬೋರಿನ ಸುತ್ತ ಗುಂಡಿ ತೆಗೆದು, ಕೇಸಿಂಗಿಗೆ (ಬೋರಿನೊಳಗೆ ಇಳಿಸಿದ ಹೊರ ಪೈಪಿಗೆ) ತೂತು ಹಾಕಿ ಜಾಲರಿ ಸುತ್ತಿ, ಗುಂಡಿಗೆ ಕೆಳಗಿನಿಂದ ದಪ್ಪ ಕಲ್ಲು, ಜಲ್ಲಿ, ಮೇಲೆ ಮರಳು ತುಂಬಿಸಿ. ಹೊಲದ ನೀರು ಮೊದಲು ಒಂದು ಸಣ್ಣ ಹೊಂಡದಲ್ಲಿ ನಿಂತು ತಿಳಿಯಾಗಿ ಬರಲಿ. ಔಷಧಿ ಹೊಡೆದ ಹೊಲದ ನೀರು, ದನದ ಕೊಟ್ಟಿಗೆ ನೀರು ಆ ಕಡೆ ಹರಿಯದ ಹಾಗೆ ನೋಡಿಕೊಳ್ಳಿ. ಅದೇ ಬೋರಿನಿಂದ ಕುಡಿಯಲು ತರುತ್ತಿದ್ದರೆ ಇನ್ನೂ ಜಾಸ್ತಿ ಜೋಪಾನ ಬೇಕು. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಮೇಲಿನ ಮರಳು ತೆಗೆದು ತೊಳೆದು ಹಾಕಿ.