ಯಾರಾದರೂ ಬೇಡ ಅನ್ನಲಿ ಅಂತ ಬಂದ ಹುಡುಗ

ಪ್ರತಿ ಸೆಪ್ಟೆಂಬರಿನಲ್ಲೂ ಇಂಥ ಒಬ್ಬರು ನನ್ನ ಕೋಣೆಗೆ ಬರುತ್ತಾರೆ. ಕಂಪ್ಯೂಟರ್ ಸೈನ್ಸ್ ಅಂತ ಸೇರಿ ಎರಡು ವರ್ಷ ಕಳೆದಿರುತ್ತದೆ. ಈಗ ಫಿಲಾಸಫಿ ಓದಬೇಕು ಅನ್ನುತ್ತಾರೆ. ಮನೆಯಲ್ಲಿ ಇನ್ನೂ ಹೇಳಿರುವುದಿಲ್ಲ.

ನಾನು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಕೌನ್ಸೆಲರ್. ಡಿಗ್ರಿಯ ಮೊದಲ ಎರಡು ವರ್ಷ ಇಂಥ ಕಾಲೇಜಿನಲ್ಲಿ ಓದಿ, ಉಳಿದದ್ದಕ್ಕೆ ಯೂನಿವರ್ಸಿಟಿಗೆ ಹೋಗಬಹುದು. ಬೇ ಏರಿಯಾದಲ್ಲಿ ಕನ್ನಡದ ಮನೆಗಳು ತುಂಬಾ ಇವೆ. ಅಲ್ಲಿಂದ ಬರುವ ಮಕ್ಕಳು ಬಾಗಿಲ ಮೇಲಿನ ನನ್ನ ಹೆಸರು ನೋಡಿ ಸ್ವಲ್ಪ ಧೈರ್ಯ ತಂದುಕೊಳ್ಳುತ್ತಾರೆ. ಈ ಪ್ರಕರಣವನ್ನು ಬರೆಯುತ್ತಿರುವುದಕ್ಕೆ ಕಾರಣ, ಇದರಲ್ಲಿ ನಾನು ಕೊಟ್ಟ ಸಲಹೆ ಸರಿಯಾ ಅನ್ನುವ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನೂ ಅವನ ಅಪ್ಪನೂ ಒಪ್ಪಿದ ಮೇಲೆಯೇ ಬರೆಯಲು ಕೂತೆ.

ಹುಡುಗನಿಗೆ ಇಪ್ಪತ್ತು ವರ್ಷ. ಇಲ್ಲೇ ಹುಟ್ಟಿದವನು. ಅಪ್ಪ ಚಿಪ್ ವೆರಿಫಿಕೇಶನ್ ಕೆಲಸದಲ್ಲಿದ್ದಾರೆ, ಹಾಸನದ ಕಡೆಯವರು. ಹುಡುಗ ಕ್ಯಾಲ್ಕುಲಸ್ ಅನ್ನು ಎರಡು ಸಲ ತಗೊಂಡಿದ್ದ. ಒಂದು ಸಲ ಮಧ್ಯದಲ್ಲೇ ಬಿಟ್ಟು 'ಡಬ್ಲ್ಯು' ಬಂದಿತ್ತು, ಇನ್ನೊಂದು ಸಲ 'ಡಿ'. ನಮ್ಮಲ್ಲಿ ಒಂದು ಕೋರ್ಸಿಗೆ ಸಾಮಾನ್ಯವಾಗಿ ಮೂರೇ ಅವಕಾಶ, ಬಿಟ್ಟಿದ್ದೂ ಲೆಕ್ಕಕ್ಕೆ ಸೇರುತ್ತದೆ. ಈ ನಡುವೆ ಸುಮ್ನೆ ಯುನಿಟ್, ಅಂದರೆ ಕ್ರೆಡಿಟ್, ತುಂಬಲಿ ಅಂತ ಒಂದು ಫಿಲಾಸಫಿ ಕ್ಲಾಸ್ ತಗೊಂಡ. ಆಮೇಲೆ ಇನ್ನೊಂದು, ಮತ್ತೊಂದು. ಅಪ್ಪ ಅಮ್ಮ ಮಾತ್ರ ಅವನು ಡೇಟಾ ಸ್ಟ್ರಕ್ಚರ್ಸ್ ಓದುತ್ತಿದ್ದಾನೆ ಅಂದುಕೊಂಡಿದ್ದರು.

ಅವನು ಬಂದಾಗ ಸೆಪ್ಟೆಂಬರ್ ಇಪ್ಪತ್ತು ದಾಟಿತ್ತು. ಕೈಯಲ್ಲಿ ಅರ್ಧ ತುಂಬಿದ 'ಟ್ಯಾಗ್' ಅರ್ಜಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಮ್ಯುನಿಟಿ ಕಾಲೇಜಿನಿಂದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಅಂದರೆ ಯುಸಿಗೆ, ಹೋಗುವವರಿಗೆ ಇರುವ ಸೀಟಿನ ಖಾತರಿ ಅದು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ 6 ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಸೆಪ್ಟೆಂಬರ್ 1ರಿಂದ 30ರೊಳಗೆ ಹಾಕಬೇಕು. ನಮ್ಮ ಮನೆಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್‌ಗಳು ಇದರಲ್ಲಿ ಇಲ್ಲ. ಅವಕ್ಕೆ ಎಲ್ಲರ ಜೊತೆ ಸ್ಪರ್ಧಿಸಬೇಕು.

"ಅಪ್ಪನ್ನ ಒಪ್ಪಿಸೋದು ಹೇಗೆ ಅಂತ ಹೇಳಿ" ಅಂದ. ಬರುವವರೆಲ್ಲ ಕೇಳುವುದು ಇದನ್ನೇ.

ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರವೇನೋ ಇತ್ತು. ಲಾ ಸ್ಕೂಲಿನ ಪ್ರವೇಶ ಪರೀಕ್ಷೆಯಲ್ಲಿ ಫಿಲಾಸಫಿ ಓದಿದವರು ಚೆನ್ನಾಗಿ ಮಾಡುತ್ತಾರೆ, ಮಾಸ್ಟರ್ಸ್, ಪಿಎಚ್‌ಡಿ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಯ ಬರವಣಿಗೆ ಭಾಗದಲ್ಲೂ ಮುಂದಿರುತ್ತಾರೆ ಅಂತ. ಅದು ಸುಳ್ಳಲ್ಲ. ಆದರೂ ಕೆಲವು ವರ್ಷಗಳಿಂದ ಆ ಮಾತನ್ನು ಮೊದಲು ಎತ್ತುವುದನ್ನು ಬಿಟ್ಟಿದ್ದೇನೆ. ಫಿಲಾಸಫಿಗೆ ಬೆಲೆ ಬರುವುದು ಅದು ವಕೀಲಿಕೆಗೆ ಏಣಿ ಆದರೆ ಮಾತ್ರ ಅಂತ ಹೇಳಿದ ಹಾಗಾಗುತ್ತದೆ. ಆಮೇಲೆ ಹುಡುಗ ಲಾ ಬೇಡ ಅಂದ ದಿನ ಮನೆಯಲ್ಲಿ ಎರಡನೇ ಸಲ ಮೋಸ ಹೋದೆವು ಅನ್ನುತ್ತಾರೆ. ಇದನ್ನು ಕಣ್ಣಾರೆ ನೋಡಿದ್ದೇನೆ.

ಅದಕ್ಕೇ ಅಪ್ಪನ ವಿಷಯ ಆಮೇಲೆ ನೋಡೋಣ ಅಂದೆ. ಅಸಿಸ್ಟ್ ವೆಬ್‌ಸೈಟ್ ತೆರೆದು ಮಾನಿಟರನ್ನು ಅವನ ಕಡೆ ತಿರುಗಿಸಿದೆ. ನಮ್ಮ ಕಾಲೇಜಿನ ಯಾವ ಕೋರ್ಸ್ ಯೂನಿವರ್ಸಿಟಿಯ ಯಾವುದಕ್ಕೆ ಸಮ ಅಂತ ಅದರಲ್ಲಿ ಸಿಗುತ್ತದೆ. ಎಡಗಡೆ ಯೂನಿವರ್ಸಿಟಿಯ ಕೋರ್ಸ್, ಬಲಗಡೆ ನಮ್ಮದು. ಅವನ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲಿಗೆ ಪೆನ್ಸಿಲ್‌ನಲ್ಲಿ ಟಿಕ್ ಹಾಕುತ್ತಾ ಹೋದೆ. ಎಥಿಕ್ಸ್ ಆಗಿದೆ. ಪ್ರಾಚೀನ ಗ್ರೀಕ್ ಫಿಲಾಸಫಿ ಆಗಿದೆ. ಯುರೋಪಿನ ಚಿಂತಕರ ಮೇಲೆ, ಡೆಕಾರ್ಟ್‌ನಿಂದ ಕಾಂಟ್‌ವರೆಗಿನ ಕೋರ್ಸ್ ಈಗ ನಡೀತಿದೆ. ಗಣಿತಕ್ಕೆ ಸ್ಟಾಟಿಸ್ಟಿಕ್ಸ್ ಸಾಕು, ಅದೂ ಮುಗಿದಿದೆ. ಸ್ಪ್ರಿಂಗ್, ಅಂದರೆ ವರ್ಷದ ಮೊದಲಲ್ಲಿ ಶುರುವಾಗುವ ಸೆಮಿಸ್ಟರ್, ಮುಗಿಯುವ ಹೊತ್ತಿಗೆ 60 ಯುನಿಟ್ ಬೇಕು. ಅವನ ಹತ್ತಿರ ಅದಕ್ಕಿಂತ ಜಾಸ್ತಿಯೇ ಆಗುತ್ತಿತ್ತು.

ಒಂದು ಸಾಲು ಖಾಲಿ ಉಳಿಯಿತು. ಸಿಂಬಾಲಿಕ್ ಲಾಜಿಕ್.

"ಕ್ರಿಟಿಕಲ್ ಥಿಂಕಿಂಗ್ ಮಾಡಿದ್ದೀನಲ್ಲ, ಅದೇ ಆಗಲ್ವಾ?" ಅಂದ.

ಆಗುವುದಿಲ್ಲ. ಈ ತಪ್ಪು ಎಷ್ಟು ಜನ ಮಾಡುತ್ತಾರೆ ಅಂದರೆ, ಗೋಡೆಗೆ ಬರೆದು ಅಂಟಿಸಬೇಕು ಅನಿಸುತ್ತದೆ. ಕ್ರಿಟಿಕಲ್ ಥಿಂಕಿಂಗ್‌ನಲ್ಲಿ ದಿನನಿತ್ಯದ ವಾದಗಳನ್ನು ಓದಿ, ಎಲ್ಲಿ ಎಡವಿದ್ದಾರೆ ಅಂತ ಹುಡುಕಿ ಪ್ರಬಂಧ ಬರೆಯುತ್ತೀರಿ. ಸಿಂಬಾಲಿಕ್ ಲಾಜಿಕ್ ಬೇರೆ. ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ, ರಸ್ತೆ ಒದ್ದೆಯಾಗಿಲ್ಲ, ಹಾಗಾದರೆ ಮಳೆ ಬಂದಿಲ್ಲ. ಇಂಥದ್ದನ್ನು ಚಿಹ್ನೆಗಳಿಗೆ ಇಳಿಸಿ ಸಾಲುಸಾಲಾಗಿ ಪ್ರೂಫ್ ಬರೆಯಬೇಕು. ಪ್ರತಿ ಸಾಲಿನ ಪಕ್ಕದಲ್ಲೂ ಅದು ಯಾವ ನಿಯಮದಿಂದ ಬಂತು ಅಂತ ತೋರಿಸಬೇಕು. ನೋಡಲು ಗಣಿತದ ಹಾಗೇ ಇರುತ್ತದೆ. ಯುಸಿ ಫಿಲಾಸಫಿ ವಿಭಾಗಗಳು ಕೇಳುವ ಲಾಜಿಕ್ ಸಾಮಾನ್ಯವಾಗಿ ಇದೇ. ಇಲ್ಲಿ ಮುಗಿಸಿಲ್ಲ ಅಂದರೆ ಅಲ್ಲಿ ಹೋಗಿ ಮಾಡಬೇಕು.

ನಮ್ಮ ಕಾಲೇಜಿನಲ್ಲಿ ಅದು ಪ್ರತಿ ಸೆಮಿಸ್ಟರ್ ಇರುತ್ತದೆ. ನಾಲ್ಕು ಸೆಮಿಸ್ಟರ್ ಅವನು ಅದನ್ನು ದಾಟಿಕೊಂಡು ಬಂದಿದ್ದ. ಯಾಕೆ ಅಂತ ಕೇಳಿದೆ. ಟೈಮಿಂಗ್ ಸರಿಹೋಗಲಿಲ್ಲ ಅಂದ. ಸುಮ್ಮನಿದ್ದೆ. ಅವನು ಬ್ಯಾಗಿನಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟ.

ನಾಲ್ಕು ಪುಟದ ಒಂದು ಪ್ರಬಂಧ, ಅದರದೇ ಐದು ಪ್ರತಿಗಳು. ನಾನೀಗ ಕನಸು ಕಾಣುತ್ತಿಲ್ಲ ಅಂತ ನನಗೆ ಹೇಗೆ ಗೊತ್ತು ಅನ್ನುವ ಡೆಕಾರ್ಟ್‌ನ ಪ್ರಶ್ನೆಯ ಮೇಲೆ ಬರೆದದ್ದು. ಮೊದಲ ಪ್ರತಿಯ ಅಂಚಿನ ತುಂಬಾ ಮೇಷ್ಟ್ರ ಹಸಿರು ಶಾಯಿ. ಐದನೆಯದರಲ್ಲಿ ಎರಡೇ ಗುರುತು. ಮೇಷ್ಟ್ರು ಕೇಳಿದ್ದು ಎರಡು ಪ್ರತಿ ಮಾತ್ರ. ಉಳಿದ ಮೂರನ್ನು ಇವನಾಗಿಯೇ ತಿದ್ದಿ ಬರೆದು, ಅವರ ಆಫೀಸಿಗೆ ಹೋಗಿ ತೋರಿಸಿದ್ದ. ಮೂರನೇ ಪ್ರತಿಯಲ್ಲಿ ಒಂದಿಡೀ ಪ್ಯಾರಾ ಹೊಡೆದುಹಾಕಿ ಪಕ್ಕದಲ್ಲಿ ಇವನದೇ ಕೈಬರಹ: "ಇದು ನನಗೆ ಇಷ್ಟ, ಆದರೆ ನಿಜ ಅಲ್ಲ." ಆ ಸಾಲನ್ನು ನಾನು ಎರಡು ಸಲ ಓದಿದೆ. ಇಷ್ಟು ವರ್ಷಗಳಲ್ಲಿ ತನ್ನ ಬರಹದ ಮೇಲೆ ಹೀಗೆ ಬರೆದುಕೊಂಡ ಹುಡುಗರನ್ನು ನಾನು ಜಾಸ್ತಿ ಕಂಡಿಲ್ಲ.

"ಇಷ್ಟು ಮಾಡಿದ್ದೀಯ. ಲಾಜಿಕ್ ಒಂದಕ್ಕೆ ಯಾಕೆ ಹೆದರಿಕೆ?" ಅಂದೆ.

ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದನ್ನು ಅವನು ಹೋದ ಕೂಡಲೇ ಬರೆದಿಟ್ಟುಕೊಂಡೆ:

"ಆಂಟಿ, ನಿಜ ಹೇಳ್ಲಾ? ನೀವು ಬೇಡ ಅಂತೀರ ಅಂದ್ಕೊಂಡು ಬಂದೆ. ಅಪ್ಪ ಬೇಡ ಅಂದ್ರೂ ಪರವಾಗಿಲ್ಲ ನನಗೆ. ಕ್ಯಾಲ್ಕುಲಸ್‌ನಲ್ಲಿ ಫೇಲ್ ಆದೆ, ಏನೂ ಅನಿಸ್ಲಿಲ್ಲ, ಅದು ನನ್ನದಲ್ಲ. ಇದರಲ್ಲಿ ಫೇಲ್ ಆದ್ರೆ ನನ್ನ ಹತ್ರ ಇನ್ನೇನು ಉಳಿಯುತ್ತೆ?"

ಅಲ್ಲಿಯವರೆಗೆ ನಾನು ಇದನ್ನು ಅಪ್ಪ ಮಗನ ಜಗಳ ಅಂದುಕೊಂಡಿದ್ದೆ. ನಿಜಕ್ಕೂ ಅವನಿಗೆ ಅಪ್ಪನ 'ಬೇಡ' ಬೇಕಾಗಿತ್ತು. ಅಪ್ಪ ತಡೆದರು ಅಂದರೆ ಇಡೀ ಜೀವನ ಹೇಳಿಕೊಳ್ಳಬಹುದು, ಬಿಟ್ಟಿದ್ದರೆ ಓದುತ್ತಿದ್ದೆ ಅಂತ. ಆ ಖಾಲಿ ಸಾಲೂ ಅದಕ್ಕೇ ಖಾಲಿ ಉಳಿದಿತ್ತು. ತುಂಬಿದರೆ ಉತ್ತರ ಗೊತ್ತಾಗಿಬಿಡುತ್ತದೆ ಅಲ್ವಾ?

ನಾನು ಕೊಟ್ಟ ಸಲಹೆ ಇದು. ಟ್ಯಾಗ್ ಅರ್ಜಿ ಹಾಕು, ಅದಕ್ಕೆ ದುಡ್ಡು ಬೇಕಿಲ್ಲ. ಆದರೆ ಸ್ಪ್ರಿಂಗ್ ಪ್ಲಾನ್‌ನಲ್ಲಿ ಸಿಂಬಾಲಿಕ್ ಲಾಜಿಕ್ ಅಂತ ಬರೆ. ಒಮ್ಮೆ ಬರೆದ ಮೇಲೆ ಅದನ್ನು ಕದ್ದುಮುಚ್ಚಿ ಬಿಡುವ ಹಾಗಿಲ್ಲ. ಜನವರಿಯಲ್ಲಿ ಯೂನಿವರ್ಸಿಟಿಗೆ ಹೊಸ ಗ್ರೇಡ್, ಬದಲಾದ ಕೋರ್ಸ್ ಎಲ್ಲ ತಿಳಿಸಬೇಕು. ಆಮೇಲೂ ಹೇಳದೆ ಬಿಟ್ಟರೆ ಕೊಟ್ಟ ಸೀಟನ್ನೇ ವಾಪಸ್ ತಗೊಳ್ಳಬಹುದು. ಎರಡನೆಯದು, ನವೆಂಬರಿನ ಮುಖ್ಯ ಅರ್ಜಿಗೆ ಮುಂಚೆ ಅಪ್ಪನಿಗೆ ಹೇಳು. ಸೀಟು ಸಿಕ್ಕ ಮೇಲೆ ಹೇಳಿದರೆ ಅದು ಕೇಳಿದ ಹಾಗಲ್ಲ, ತೀರ್ಪು ಕೊಟ್ಟ ಹಾಗೆ.

ಒಬ್ಬ ಸಹೋದ್ಯೋಗಿ ಇದನ್ನು ಒಪ್ಪಲಿಲ್ಲ. ಗಣಿತದಲ್ಲಿ ಎರಡು ಸಲ ಬಿದ್ದ ಹುಡುಗನಿಗೆ ಕೊನೆಯ ಸೆಮಿಸ್ಟರ್‌ನಲ್ಲಿ ಲಾಜಿಕ್ ಹೇರಿದೆ, ಅವನು ಆರಿಸಿದ ಕ್ಯಾಂಪಸ್ಸಿನ ಟ್ಯಾಗ್‌ಗೆ ಅದು ಕಡ್ಡಾಯವೂ ಇರಲಿಲ್ಲ, ಬಿದ್ದರೆ ಸೀಟಿನ ಜೊತೆ ಮನಸ್ಸೂ ಮುರಿಯುತ್ತದೆ ಅಂದರು. ಅವರ ಮಾತಿನಲ್ಲಿ ಹುರುಳಿತ್ತು. ರಾತ್ರಿ ಮಲಗಿದಾಗ ನನಗೂ ಹಾಗೇ ಅನಿಸುತ್ತಿತ್ತು. ಆದರೂ ನಾನು ಯಾಕೆ ಹಾಗೆ ಹೇಳಿದೆ ಅಂದರೆ, ನಮ್ಮಲ್ಲಿ ಯುನಿಟ್‌ಗೆ 46 ಡಾಲರ್ ಫೀಸು. 3 ಯುನಿಟ್ಟಿನ ಲಾಜಿಕ್‌ಗೆ 138 ಡಾಲರ್. ಯುಸಿಯಲ್ಲಿ ಬರೀ ಓದಿನ ಫೀಸೇ ವರ್ಷಕ್ಕೆ 14 ಸಾವಿರ ಡಾಲರ್‌ಗೂ ಜಾಸ್ತಿ, ಜೊತೆಗೆ ಬಾಡಿಗೆ, ಊಟ. ಈ ಭಯವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿ, ಹತ್ತು ವಾರದ ಕ್ವಾರ್ಟರ್‌ನಲ್ಲಿ, ಗುರುತು ಪರಿಚಯ ಇಲ್ಲದ ಕಡೆ ಎದುರಿಸುವುದಕ್ಕಿಂತ ಇಲ್ಲಿ ಎದುರಿಸಲಿ. ಇಲ್ಲಿ ಮೂವತ್ತು ನಲವತ್ತು ಜನರ ಕ್ಲಾಸು, ಹೆಸರು ಹಿಡಿದು ಕರೆಯುವ ಮೇಷ್ಟ್ರು, ಬೇಕಾದಾಗ ಬಾಗಿಲು ತಟ್ಟಲು ನಾನು. ಕಮ್ಯುನಿಟಿ ಕಾಲೇಜು ಅಂದರೆ ಓದು ಹತ್ತದವರು ಹೋಗುವ ಜಾಗ ಅಂತ ನಮ್ಮವರು ಪಾರ್ಟಿಗಳಲ್ಲಿ ಪಿಸುಗುಡುವುದನ್ನು ಕೇಳಿದ್ದೇನೆ, ನೋವಾಗುತ್ತದೆ. 1960ರಲ್ಲಿ ಈ ರಾಜ್ಯ ಉನ್ನತ ಶಿಕ್ಷಣಕ್ಕೆ ಮಾಸ್ಟರ್ ಪ್ಲಾನ್ ಮಾಡಿದಾಗಲೇ ಇಲ್ಲಿಂದ ಯೂನಿವರ್ಸಿಟಿಗೆ ದಾರಿ ಇಟ್ಟಿತು. ಇದು ಹಿಂಬಾಗಿಲಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದೇ ಹುಡುಗ ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಮಕ್ಕಳಿಗೆ ಸಿಗುವ ವೀಸಾದಲ್ಲಿ, ಇದ್ದಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು. 21 ತುಂಬಿದರೆ ಎಚ್-4 ಮುಗಿಯುತ್ತದೆ, ಓದು ಮುಂದುವರಿಯಲು ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು. ಡಿಗ್ರಿ ಆದ ಮೇಲೆ ಕೆಲಸ ಮಾಡಲು ಸಿಗುವ ಓಪಿಟಿ 12 ತಿಂಗಳು. ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ವಿಷಯದವರಿಗೆ ಇನ್ನೂ 24 ತಿಂಗಳು ಸೇರುತ್ತದೆ, ಫಿಲಾಸಫಿಗೆ ಸೇರುವುದಿಲ್ಲ. ಅಂಥ ಮಕ್ಕಳಿಗೆ ಫಿಲಾಸಫಿ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಆದರೆ ಮೊದಲು ಇಮಿಗ್ರೇಶನ್ ವಕೀಲರನ್ನು ನೋಡಿ ಬನ್ನಿ, ಮನೆಯಲ್ಲಿ ಎಲ್ಲರೂ ಕೂತು ಈ ತಿಂಗಳುಗಳ ಲೆಕ್ಕ ಹಾಕಿ ಅನ್ನುತ್ತೇನೆ. "ಮನಸ್ಸಿಗೆ ಬಂದಿದ್ದು ಓದು" ಅಂತ ಎಲ್ಲರಿಗೂ ಒಂದೇ ಮಂತ್ರ ಹೇಳುವುದು ಕೌನ್ಸೆಲಿಂಗ್ ಅಲ್ಲ.

ಅಪ್ಪ ಅಕ್ಟೋಬರ್ ಕೊನೆಯಲ್ಲಿ ಬಂದರು. ಅದಕ್ಕೆ ಮುಂಚೆ ಒಂದು ಸಲ ಫೋನ್ ಮಾಡಿದ್ದರು. "ಫೀಸ್ ಕಟ್ಟೋನು ನಾನು, ಅವನ ಮಾರ್ಕ್ಸ್ ನನಗೆ ಹೇಳೋಕೆ ಆಗಲ್ವಾ?" ಆಗುವುದಿಲ್ಲ. ಇಲ್ಲಿನ ಕಾನೂನಿನಲ್ಲಿ ಕಾಲೇಜು ಸೇರಿದ ದಿನದಿಂದ ಆ ಹಕ್ಕು ವಿದ್ಯಾರ್ಥಿಯದು, ವಯಸ್ಸು ಎಷ್ಟೇ ಇರಲಿ. ಮಗ ಬರೆದು ಸಹಿ ಮಾಡಿಕೊಟ್ಟರೆ ಮಾತ್ರ ನಾನು ಬಾಯಿ ಬಿಡಬಹುದು. ಈ ಸಲ ಮಗನೇ ಸಹಿ ಹಾಕಿ ಕರೆದುಕೊಂಡು ಬಂದಿದ್ದ.

ಜಗಳ ಆಗುತ್ತದೆ ಅಂತ ನೀರಿನ ಲೋಟ ಎಲ್ಲ ಇಟ್ಟು ಕೂತಿದ್ದೆ. ಅವರು ದನಿ ಎತ್ತಲಿಲ್ಲ. "ಫಿಲಾಸಫಿ ಓದ್ಲಿ ಮೇಡಂ. ಕಷ್ಟ ಬಂದ ತಕ್ಷಣ ಇದನ್ನೂ ಬಿಡ್ತಾನೆ, ಅದೇ ನನ್ನ ಭಯ" ಅಂದರು. ಹುಡುಗ ತಲೆ ಎತ್ತಿ ಅಪ್ಪನನ್ನು ನೋಡಿದ. ಅವನ ಭಯವೂ ಅದೇ ಆಗಿತ್ತು, ಅಪ್ಪನ ಬಾಯಲ್ಲಿ ಅದನ್ನು ಕೇಳಿದ್ದು ಮೊದಲ ಸಲ ಇರಬೇಕು. ನಾನು ಏನನ್ನೂ ವಿವರಿಸಲಿಲ್ಲ. ಲಾಜಿಕ್ ಕೋರ್ಸಿನ ಸಿಲೆಬಸ್ ಅವರ ಕೈಗೆ ಕೊಟ್ಟೆ.

ಕನ್ನಡಕ ಏರಿಸಿ ಒಂದೊಂದೇ ವಾರದ ಪಾಠ ಓದಿದರು. ಐದನೇ ವಾರದ ಮೇಲೆ ಬೆರಳು ನಿಂತಿತು. "ಇದು ಡಿ ಮಾರ್ಗನ್ ನಿಯಮ ಅಲ್ವಾ? ಚಿಪ್‌ನ ಲಾಜಿಕ್ ಗೇಟ್‌ಗಳಲ್ಲಿ ಇದನ್ನ ನಾನು ದಿನಾ ನೋಡ್ತೀನಿ. ಇದು ಫಿಲಾಸಫಿಗೆ ಯಾಕೆ ಬಂತು?" ಮಗ ಉತ್ತರ ಕೊಡಲು ಶುರುಮಾಡಿದ. ಅರ್ಧಕ್ಕೆ ತಡವರಿಸಿದ. ಅಪ್ಪ ತಿದ್ದಿದರು. ಅವನು ಮತ್ತೆ ಅಪ್ಪನನ್ನು ತಿದ್ದಿದ. ಹತ್ತು ನಿಮಿಷ ನಾನು ಅಲ್ಲಿರುವುದೇ ಇಬ್ಬರಿಗೂ ಮರೆತುಹೋಗಿತ್ತು.

ಇದರಿಂದ ಎಲ್ಲ ಸರಿಹೋಯಿತು ಅಂತ ದಯವಿಟ್ಟು ಓದಿಕೊಳ್ಳಬೇಡಿ. ಸ್ಪ್ರಿಂಗ್‌ನಲ್ಲಿ ಲಾಜಿಕ್ ಕ್ಲಾಸಿನ ಮೊದಲ ಮಿಡ್‌ಟರ್ಮ್‌ನಲ್ಲಿ ನೂರಕ್ಕೆ 58 ಬಂತು. ಡ್ರಾಪ್ ಮಾಡಲು ಕೊನೇ ದಿನ ಯಾವತ್ತು ಅಂತ ಕೇಳಿಕೊಂಡು ನನ್ನ ಕೋಣೆಗೆ ಬಂದ. ದಿನಾಂಕ ಹೇಳಿದೆ, ಬೇರೆ ಏನೂ ಹೇಳಲಿಲ್ಲ. ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಆ ದಿನಾಂಕ ದಾಟಿತು, ಅವನು ಡ್ರಾಪ್ ಮಾಡಿರಲಿಲ್ಲ. ಕೋರ್ಸಿನ ಕೊನೆಗೆ 'ಬಿ' ಬಂತು. ಬರ್ಕ್ಲಿಯಲ್ಲಿ ಸೀಟು ಸಿಗಲಿಲ್ಲ. ಟ್ಯಾಗ್ ಹಾಕಿದ್ದ ಕ್ಯಾಂಪಸ್ಸಿಗೇ ಹೋದ.

ಮೊನ್ನೆ ಮೆಸೇಜ್ ಮಾಡಿದ್ದ. ಅಲ್ಲಿ ಮುಂದಿನ ಲಾಜಿಕ್ ಕೋರ್ಸ್ ತಗೊಂಡಿದ್ದಾನಂತೆ, ಅದು ಕಡ್ಡಾಯ ಅಲ್ಲ. ಊರಿಂದ ಯಾರಾದರೂ ಫೋನ್ ಮಾಡಿ ಮಗ ಏನು ಓದುತ್ತಿದ್ದಾನೆ ಅಂತ ಕೇಳಿದರೆ ಅಪ್ಪ ಯೂನಿವರ್ಸಿಟಿಯ ಹೆಸರು ಹೇಳುತ್ತಾರಂತೆ. ವಿಷಯ ಇನ್ನೂ ಹೇಳುವುದಿಲ್ಲವಂತೆ.