ನಾಲ್ಕು ಪೌಂಡ್‌ಗೆ ಏನು ಸಿಗ್ತಿತ್ತು ಅಂತ ಮೊದಲು ಹೇಳಿ

ನಮಸ್ಕಾರ,

ಇಂಗ್ಲೆಂಡಿನ ಫುಟ್‌ಬಾಲ್ ಟಿಕೆಟ್ ಬೆಲೆ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಮೊದಲನೇ ಸಲ ಮೊಬೈಲಲ್ಲಿ ಹಾಗೇ ಸ್ಕ್ರೋಲ್ ಮಾಡ್ತಾ, ಎರಡನೇ ಸಲ ಪ್ರಿಂಟ್ ತೆಗೆದು ಪೆನ್ನು ಹಿಡ್ಕೊಂಡು. ಈಗಿರೋ ಹಾಗೆ ಹಾಕಕ್ಕಾಗಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಉಳಿದಿದ್ದನ್ನ ಆರಾಮಾಗಿ ಓದಬಹುದು ನೀವು. ಬೇಡವೇ ಬೇಡ ಅನ್ನೋ ಲೇಖನಕ್ಕೆ ನಾನು ಎರಡು ಸಾಲಿಗಿಂತ ಜಾಸ್ತಿ ಬರೆಯೋನಲ್ಲ, ಹಾಗಾಗಿ ಈ ಉದ್ದ ನೋಡಿ ಬೇಜಾರು ಮಾಡ್ಕೋಬೇಡಿ.

ನಿಮ್ಮ ವಾದ ಇಷ್ಟು: ಇಂಗ್ಲೆಂಡಲ್ಲಿ ಫುಟ್‌ಬಾಲ್ ಅನ್ನೋದು ಕಾರ್ಖಾನೆ ಕೆಲಸಗಾರರ ಆಟ ಆಗಿತ್ತು, ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ ಸೀದಾ ಮೈದಾನಕ್ಕೆ ಹೋಗ್ತಿದ್ರು, ಈಗ ಟಿಕೆಟ್ ರೇಟು ಆಕಾಶಕ್ಕೇರಿ ಅದು ದುಡ್ಡಿದ್ದವರ ಆಟ ಆಗಿದೆ, ಕಾರಣ ಮಾಲೀಕರ ದುರಾಸೆ. ವಾದ ತಪ್ಪಲ್ಲ. ಆದ್ರೆ ಇದು ಎಲ್ಲರಿಗೂ ಗೊತ್ತಿರೋ ಮಾತು, ಮತ್ತೆ ಅದಕ್ಕೆ ಆಧಾರ ಅಂತ ನೀವು ಕೊಟ್ಟಿರೋ ಲೆಕ್ಕದಲ್ಲಿ ಅರ್ಧಕ್ಕರ್ಧ ಓಟೆ.

ಒಂದೊಂದೇ ಹೇಳ್ತೀನಿ. 1890ರಲ್ಲಿ ಫುಟ್‌ಬಾಲ್ ಲೀಗ್ ಗಂಡಸರಿಗೆ ಕನಿಷ್ಠ ಪ್ರವೇಶ ದರ 6 ಪೆನ್ಸ್ ಅಂತ ಮಾಡ್ತು ಅಂತ ಬರೆದಿದೀರ, ಸರಿ. ಅದಾದ ತಕ್ಷಣ '100 ವರ್ಷದಲ್ಲಿ 6 ಪೆನ್ಸ್ ಇದ್ದಿದ್ದು 4 ಪೌಂಡ್, ಅಂದ್ರೆ 66 ಪಟ್ಟು' ಅಂದಿದೀರ. ಆಗಿನ ಪೌಂಡ್‌ಗೆ 240 ಪೆನ್ಸ್ ರೀ! 12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್. ನೂರು ಪೆನ್ಸ್‌ನ ಪೌಂಡ್ ಬಂದಿದ್ದು 1971ರ ಫೆಬ್ರವರಿಯಲ್ಲಿ. ಆ ಹಳೇ 6 ಪೆನ್ಸ್ ಅಂದ್ರೆ ಹೊಸ ಲೆಕ್ಕದಲ್ಲಿ ಎರಡೂವರೆ, ಹಾಗಾಗಿ 66 ಅಲ್ಲ, 160 ಪಟ್ಟು. ನೋಡಿ, ತಪ್ಪು ತಿದ್ದಿದ್ರೆ ನಿಮ್ಮ ವಾದಕ್ಕೇ ಲಾಭ. ಆದ್ರೂ ಆ ಸಾಲೇ ಬೇಡ ಅಂತೀನಿ. ನೂರು ವರ್ಷ ಅಂದ್ರೆ ಸಂಬಳ, ಬಾಡಿಗೆ, ಎಲ್ಲಾ ಬದಲಾಗಿರುತ್ತೆ, ಬರೀ ಪಟ್ಟು ಹೇಳಿದ್ರೆ ಓದುಗನಿಗೆ 'ಅಬ್ಬಾ' ಅನ್ಸುತ್ತೆ ಅಷ್ಟೇ, ಏನೂ ಅರ್ಥ ಆಗಿರಲ್ಲ.

ಇನ್ನೊಂದು ಲೆಕ್ಕ ಇದೆಯಲ್ಲ, ಅದು ಬರೀ ತಪ್ಪಲ್ಲ, ಸ್ವಲ್ಪ ಮೋಸ ಕೂಡ. ಬೇಕಂತ ಮಾಡಿರಲ್ಲ, ಗೊತ್ತು. 1989-90ರಲ್ಲಿ ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದಲ್ಲಿ ಟಿಕೆಟ್ 4 ಪೌಂಡ್ ಇತ್ತು, 2016ರಲ್ಲಿ 77 ಪೌಂಡ್ ಮಾಡೋಕೆ ಹೊರಟ್ರು, 19 ಪಟ್ಟು ಅಂತ ದಪ್ಪ ಅಕ್ಷರದಲ್ಲಿ ಹಾಕಿದೀರ. ಆ 4 ಪೌಂಡ್ ಅಲ್ಲಿನ ಅತಿ ಅಗ್ಗದ್ದು, ಗೋಲಿನ ಹಿಂದಿರೋ ಕಾಪ್ ಅನ್ನೋ ಸ್ಟ್ಯಾಂಡಿನಲ್ಲಿ ನಿಂತು ನೋಡೋದು. 77 ಅನ್ನೋದು ಹೊಸ ಮೇನ್ ಸ್ಟ್ಯಾಂಡಿನ ಅತಿ ದುಬಾರಿ ಸೀಟು. ಅಗ್ಗದ್ದನ್ನ ದುಬಾರಿ ಜೊತೆ ಹೋಲಿಸಿದ್ರೆ ಏನು ಬೇಕಾದ್ರೂ ಸಾಬೀತು ಮಾಡಬಹುದು. ಅದೇ 2016ರ ಪ್ಲಾನಿನಲ್ಲಿ ಕೆಲವು ಮ್ಯಾಚಿಗೆ ಕೆಲವೇ ಕೆಲವು ಟಿಕೆಟ್ 9 ಪೌಂಡ್‌ಗೂ ಇತ್ತು, ಅದನ್ನ ಹಿಡ್ಕೊಂಡು ಕ್ಲಬ್ಬಿನ ಪರ ಇರೋ ಯಾರಾದ್ರೂ 'ಸ್ವಾಮಿ, 26 ವರ್ಷದಲ್ಲಿ ಬರೀ ಎರಡು ಪಟ್ಟು ಚಿಲ್ಲರೆ' ಅಂದ್ರೆ ಏನು ಉತ್ತರ ಕೊಡ್ತೀರ? ನ್ಯಾಯವಾದ ಹೋಲಿಕೆ ಬೇಕಂದ್ರೆ 2011ಕ್ಕೆ ಬನ್ನಿ. ಸಾಮಾನ್ಯ ಬೆಲೆಯೇರಿಕೆ ಪ್ರಕಾರ ಆ 4 ಪೌಂಡ್ 7 ಪೌಂಡ್ ಚಿಲ್ಲರೆ ಆಗಬೇಕಿತ್ತು, ಅಲ್ಲಿ ಅಗ್ಗದ ಮಾಮೂಲಿ ಟಿಕೆಟ್ ಇದ್ದಿದ್ದು 45ರ ಹತ್ತಿರ. ಇದಕ್ಕೆ ದಪ್ಪ ಅಕ್ಷರ ಬೇಕಿಲ್ಲ.

77 ಪೌಂಡ್ ವಿಷಯ ಬಿಡಬೇಡಿ ಹಾಗಂತ. ಅದನ್ನ ಪಟ್ಟು ಬಿಟ್ಟು ಗಂಟೆಯಲ್ಲಿ ಹೇಳಿ. ಆ ಫೆಬ್ರವರಿಯಲ್ಲಿ ಬ್ರಿಟನ್ನಿನ ಕನಿಷ್ಠ ವೇತನ ಗಂಟೆಗೆ 6.70 ಪೌಂಡ್. ಅಂದ್ರೆ ಒಂದೂವರೆ ಗಂಟೆ ಆಟ ನೋಡೋಕೆ ಹನ್ನೊಂದೂವರೆ ಗಂಟೆ ದುಡಿತ, ಟ್ಯಾಕ್ಸ್ ಕಟ್ಟೋಕೆ ಮುಂಚೆ. ಮತ್ತೆ ಫೆಬ್ರವರಿ 6ರ ಸಂಡರ್‌ಲ್ಯಾಂಡ್ ಮ್ಯಾಚನ್ನ ನೀವು ಒಂದೇ ಸಾಲಲ್ಲಿ 'ಅಭಿಮಾನಿಗಳು ಪ್ರತಿಭಟಿಸಿದರು' ಅಂತ ದಾಟಿಸಿಬಿಟ್ಟಿದೀರ, ಹೊಟ್ಟೆ ಉರೀತು ನಂಗೆ. 77ನೇ ನಿಮಿಷಕ್ಕೆ ಸರಿಯಾಗಿ ಸಾವಿರಾರು ಜನ ಎದ್ದು ಹೊರಗೆ ನಡೆದ್ರು, ಆಗ ಲಿವರ್‌ಪೂಲ್ 2-0 ಮುಂದಿತ್ತು, ಅವರು ಮೆಟ್ಟಿಲಿಳಿದು ಹೋದಮೇಲೆ ಎರಡು ಗೋಲು ಬಿದ್ದು ಮ್ಯಾಚು 2-2 ಡ್ರಾ. ಕೆಲವೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ಪ್ಲಾನ್ ವಾಪಸ್ ತಗೊಂಡ್ರು. ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ 513.6 ಕೋಟಿ ಪೌಂಡ್‌ನ ಟೀವಿ ಒಪ್ಪಂದ ಮಾಡ್ಕೊಂಡಿತ್ತು, ಜನಕ್ಕೆ ಅಷ್ಟು ಸಿಟ್ಟು ಬಂದಿದ್ದು ಇದಕ್ಕೇ. ಅಷ್ಟು ದುಡ್ಡು ಸುರೀತಿರುವಾಗ ನಮ್ಮ ಜೇಬಿಗೂ ಯಾಕೆ ಕೈ ಹಾಕ್ತೀರಿ ಅಂತ. ಟೀವಿ ಒಪ್ಪಂದ ನಿಮ್ಮ ಲೇಖನದಲ್ಲಿ ಇದೆ, ಆದ್ರೆ ಎಲ್ಲೋ ಆರು ಪ್ಯಾರಾ ಆಚೆ. ಎರಡನ್ನೂ ಪಕ್ಕಪಕ್ಕ ತನ್ನಿ, ನೀವೇನೂ ವಿವರಿಸಬೇಕಾಗಲ್ಲ. ಆ ವರ್ಷವೇ ಹೊರಗಿನ ತಂಡದ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್ ಮಿತಿ ಅಂತ ಲೀಗ್ ನಿಗದಿ ಮಾಡ್ತು, ಅದನ್ನೂ ಅಲ್ಲೇ ಸೇರಿಸಿ.

ಈಗ ನಂಗೆ ನಿಜವಾಗ್ಲೂ ಕೋಪ ಬಂದ ಜಾಗ. 'ಹಿಲ್ಸ್‌ಬರೋದಲ್ಲಿ ಅಭಿಮಾನಿಗಳ ನೂಕುನುಗ್ಗಲು, ಗಲಾಟೆಯಿಂದ ಜನ ಸತ್ತ ನಂತರ ಸೀಟು ಕಡ್ಡಾಯವಾಯಿತು.' ಈ ಸಾಲು ಯಾವ ಕಾರಣಕ್ಕೂ ಉಳೀಬಾರದು. 1989ರ ಏಪ್ರಿಲ್ 15, ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನ, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಎಫ್‌ಎ ಕಪ್ ಸೆಮಿಫೈನಲ್. ಹೊರಗೆ ಜನ ಜಾಸ್ತಿಯಾದಾಗ ಪೊಲೀಸರೇ ಒಂದು ಗೇಟ್ ತೆಗೆಸಿದ್ರು, ಬಂದೋರೆಲ್ಲಾ ಸೀದಾ ಮೊದಲೇ ತುಂಬಿದ್ದ, ನಿಂತು ನೋಡೋರ ಬೇಲಿಯೊಳಗೆ ಹೋದ್ರು, ಒಟ್ಟು 97 ಜನ ಸತ್ತರು, ಕೊನೆಯವರು ಆ ಗಾಯದಿಂದ ನರಳಿ 2021ರಲ್ಲಿ. ತಪ್ಪೆಲ್ಲಾ ಕುಡಿದು ಬಂದ ಅಭಿಮಾನಿಗಳದ್ದು ಅಂತ ಪೊಲೀಸರು ವರ್ಷಗಟ್ಟಲೆ ಸುಳ್ಳು ಹೇಳಿದ್ರು. 2016ರ ಏಪ್ರಿಲ್‌ನಲ್ಲಿ ಜ್ಯೂರಿ ಇದು ಕಾನೂನುಬಾಹಿರ ಹತ್ಯೆ, ಅಭಿಮಾನಿಗಳ ನಡವಳಿಕೆ ಕಾರಣ ಅಲ್ಲ ಅಂತ ತೀರ್ಪು ಕೊಡೋಕೆ 27 ವರ್ಷ ಬೇಕಾಯ್ತು. ಸತ್ತವರ ಮನೆಯವರು 27 ವರ್ಷ ಹೊಡೆದಾಡಿದ್ದು ನೀವು ಬರೆದಿರೋ ಆ ಒಂದು ಸಾಲಿನ ವಿರುದ್ಧವೇ. ಗೊತ್ತಿಲ್ಲದೇ ಬರೆದಿದೀರ, ಸರಿ, ಆದ್ರೆ ಸತ್ತವರ ಬಗ್ಗೆ ಬರೆಯೋವಾಗ ಗೊತ್ತಿರಲಿಲ್ಲ ಅನ್ನೋದು ನಡೆಯಲ್ಲ.

ಇದು ಟಿಕೆಟ್ ಕಥೆಗೂ ಬೇಕಾದ ವಿಷಯವೇ, ಅದಕ್ಕೇ ಇಷ್ಟು ಹೇಳಿದ್ದು. ಆಮೇಲೆ ಆ ದುರಂತದ ತನಿಖೆ ಮಾಡಿದ ನ್ಯಾಯಮೂರ್ತಿ ಟೇಲರ್ ಅವರ ವರದಿ ಬಂತು, ಅಂತಿಮ ವರದಿ 1990ರ ಜನವರಿ, ದೊಡ್ಡ ಮೈದಾನಗಳಲ್ಲಿ ನಿಲ್ಲೋದು ಬೇಡ, ಎಲ್ಲರಿಗೂ ಸೀಟು ಹಾಕಿ ಅಂದ್ರು. ನೀವು ಅಲ್ಲಿಗೇ ನಿಲ್ಸಿದೀರ. ಅದೇ ವರದಿಯಲ್ಲಿ ಟೇಲರ್ ಇನ್ನೊಂದು ಮಾತೂ ಬರೆದಿದ್ರು, ಅಗ್ಗದ ಸೀಟಿನ ಬೆಲೆ ಈಗ ನಿಂತು ನೋಡೋರ ಜೇಬಿಗೆ ಹೊಂದೋ ಹಾಗೆ ಇಡೋದು ಸಾಧ್ಯ ಅಂತ, ಅದಕ್ಕೆ ಉದಾಹರಣೆ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನ, ಅಲ್ಲಿ ನಿಲ್ಲೋಕೆ 4 ಪೌಂಡ್, ಕೂರೋಕೆ 6 ಪೌಂಡ್. ಆರು! ಕ್ಲಬ್‌ಗಳು ವರದಿಯ ಸೀಟಿನ ಭಾಗ ಪಾಲಿಸಿದ್ರು, ಈ ಭಾಗ ಮರೆತುಬಿಟ್ರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ ತಪ್ಪು ಮಾಡಿದವರು ಯಾರೋ, ಬಿಲ್ಲು ಬಂದಿದ್ದು ನಿಂತು ನೋಡ್ತಿದ್ದವರಿಗೆ. ನಿಮ್ಮ ಲೇಖನದ ಬೆನ್ನುಮೂಳೆ ಇದೇ ಆಗಬೇಕಿತ್ತು ಅಂತ ನನ್ನ ಅಭಿಪ್ರಾಯ.

ಆದ್ರೆ ಕ್ಲಬ್‌ಗಳ ಕಡೆ ಲೆಕ್ಕವನ್ನೂ ಒಂದು ಸಾಲು ಹೇಳಿ, ಇಲ್ಲಾಂದ್ರೆ ಏಕಪಕ್ಷೀಯ ಆಗುತ್ತೆ. ಒಂದು ಕಾಲಕ್ಕೆ 28 ಸಾವಿರ ಜನ ತುಂಬ್ತಿದ್ದ ಕಾಪ್, 1994ರಲ್ಲಿ ಸೀಟು ಹಾಕಿದ ಮೇಲೆ 12 ಸಾವಿರ ಚಿಲ್ಲರೆಗೆ ಇಳೀತು. ಜಾಗ ಅರ್ಧ ಆದ್ರೆ ತಲೆಗೆ ಬೀಳೋ ಖರ್ಚು ಏರೋದೇ. ಅದು ಎರಡು ಪಟ್ಟಿಗೆ ಸಮಜಾಯಿಷಿ, 4ರಿಂದ 45ಕ್ಕೆ ಏರಿದ ಹನ್ನೊಂದು ಪಟ್ಟಿಗಲ್ಲ.

ದುರಾಸೆ ಅಂತ ಒಂಬತ್ತು ಸಲ ಬರೆದಿದೀರ, ಎಣಿಸಿದೆ. ದುರಾಸೆ 1950ರಲ್ಲೂ ಇತ್ತಲ್ವಾ, ಆಗ ಯಾಕೆ ರೇಟು ಏರಲಿಲ್ಲ? ಏರಿಸಿ ಏನೂ ಸುಖ ಇರಲಿಲ್ಲ, ಅದಕ್ಕೆ. 1983ರ ತನಕ ಲೀಗ್ ಮ್ಯಾಚಿನ ಗೇಟ್ ಕಲೆಕ್ಷನ್‌ನಲ್ಲಿ ಎದುರು ತಂಡಕ್ಕೂ ಪಾಲು ಹೋಗ್ತಿತ್ತು. ಡೈರೆಕ್ಟರ್‌ಗಳು ಸಂಬಳ ತಗೊಳ್ಳೋ ಹಾಗಿರಲಿಲ್ಲ, ಡಿವಿಡೆಂಡ್‌ಗೂ, ಅಂದ್ರೆ ಶೇರುದಾರರಿಗೆ ಹಂಚೋ ಲಾಭಕ್ಕೂ, ಆಟದ ಆಡಳಿತ ಸಂಸ್ಥೆಯಾದ ಫುಟ್‌ಬಾಲ್ ಅಸೋಸಿಯೇಷನ್ ಮಿತಿ ಹಾಕಿತ್ತು. 1983ರಲ್ಲಿ ಗೇಟ್ ದುಡ್ಡು ಪೂರ್ತಿ ಮನೆ ತಂಡಕ್ಕೇ ಅಂತಾಯ್ತು, ಅದೇ ವರ್ಷ ಟಾಟನ್‌ಹ್ಯಾಮ್ ಕ್ಲಬ್‌ನವರು ಕ್ಲಬ್ಬಿನ ಮೇಲೊಂದು ಹೋಲ್ಡಿಂಗ್ ಕಂಪನಿ ಕೂರಿಸಿ ಶೇರು ಮಾರುಕಟ್ಟೆಗೆ ಹೋಗಿ ಆ ಮಿತಿಯನ್ನ ಸುತ್ತಿ ಬಳಸಿ ದಾಟಿದ್ರು. ಆಸೆ ಹೊಸದಲ್ಲ, ಬೇಲಿ ಕಿತ್ತಿದ್ದು ಹೊಸದು. 1992ರ ಪ್ರೀಮಿಯರ್ ಲೀಗ್‌ನಿಂದ ಕಥೆ ಶುರು ಮಾಡಿದ್ರೆ ಇದೆಲ್ಲಾ ತಪ್ಪಿಹೋಗುತ್ತೆ.

ಇನ್ನೊಂದು ದೊಡ್ಡ ಓಟೆ. 'ಬೆಲೆ ಏರಿದಂತೆ ಜನ ಮೈದಾನ ಬಿಟ್ಟರು' ಅಂತೀರ. ಉಲ್ಟಾ ರೀ. ಲೀಗ್ ಮ್ಯಾಚುಗಳಿಗೆ 1948-49ರಲ್ಲಿ 4 ಕೋಟಿ 12 ಲಕ್ಷ ಜನ ಬಂದಿದ್ರು, 1985-86ಕ್ಕೆ ಅದು 1 ಕೋಟಿ 65 ಲಕ್ಷಕ್ಕೆ ಬಿತ್ತು, ಆಗ ಟಿಕೆಟ್ ಈಗಿನ ಹಾಗೆ ದುಬಾರಿ ಇರಲೇ ಇಲ್ಲ. ಹೊಡೆದಾಟ, ಬೀಳೋ ಹಾಗಿದ್ದ ಸ್ಟ್ಯಾಂಡುಗಳು, ಹೆದರಿಕೆ, ಅದಕ್ಕೆ ಬಿಟ್ರು. ಈಗ ದುಬಾರಿ, ಆದ್ರೂ ಪ್ರೀಮಿಯರ್ ಲೀಗ್ ಮೈದಾನಗಳು ಹೆಚ್ಚುಕಮ್ಮಿ ಫುಲ್. ಹಾಗಾದ್ರೆ ನಿಮ್ಮ ಪ್ರಶ್ನೆ ಎಷ್ಟು ಜನ ಬಂದ್ರು ಅನ್ನೋದಲ್ಲ. ತುಂಬಿದ ಮೈದಾನದಲ್ಲಿ ಯಾರು ಕಾಣ್ತಿಲ್ಲ ಅನ್ನೋದು.

ಅದಕ್ಕೆ ಉತ್ತರ ನಿಮ್ಮ ಹತ್ರಾನೇ ಇದೆ, ಹದಿಮೂರನೇ ಪ್ಯಾರಾದಲ್ಲಿ ಹೂತು ಹಾಕಿದೀರ. ನಿಮ್ಮ ಜೊತೆ ಕೆಲಸ ಮಾಡ್ತಿದ್ದ ಹಿರಿಯರು, ಲಿವರ್‌ಪೂಲ್‌ನಲ್ಲಿ ಬೆಳೆದವರು, ಅವರ ಅಪ್ಪ ಇವರನ್ನ ಕಂಕುಳಲ್ಲಿ ಹಿಡಿದು ಟರ್ನ್‌ಸ್ಟೈಲ್ ಮೇಲಿಂದ ಎತ್ತಿ ಆಚೆ ಇಳಿಸ್ತಿದ್ರು, ಕಾಸು ತಗೊಳ್ಳೋನು ಬೇರೆ ಕಡೆ ನೋಡ್ತಿದ್ದ ಅಂತ. ಆಹಾ! ಇದನ್ನ ಓದಿದಾಗಲೇ ನಾನು ಪೆನ್ನು ಕೆಳಗಿಟ್ಟಿದ್ದು. ಆ ಕಬ್ಬಿಣದ ತಿರುಗುಗೇಟು ಒಂದು ಸಲ ಕಟಕ್ ಅಂದ್ರೆ ಒಬ್ಬ ಒಳಗೆ ಹೋದ ಅಂತ ಲೆಕ್ಕ. ಮೇಲಿಂದ ಹೋದ ಹುಡುಗನಿಗೆ ಕಟಕ್ ಇಲ್ಲ, ಅಂದ್ರೆ ಆ 4 ಕೋಟಿ 12 ಲಕ್ಷದಲ್ಲೂ ಅಂಥ ಹುಡುಗರು ಸೇರಿಲ್ಲ. ಸ್ವಲ್ಪ ದೊಡ್ಡವರಾದ ಮೇಲೆ ಕಾಪ್‌ನ ಮೂಲೇಲಿದ್ದ ಬಾಯ್ಸ್ ಪೆನ್‌ಗೆ, ಹುಡುಗರ ದೊಡ್ಡಿ ಅನ್ನಿ ಬೇಕಾದ್ರೆ, ಕಮ್ಮಿ ಕಾಸು ಕೊಟ್ಟು ಹೋಗಿ, ಅಲ್ಲಿಂದ ಕಂಬಿ ಹತ್ತಿ ದೊಡ್ಡವರಿದ್ದ ಕಡೆ ಹಾರ್ತಿದ್ರಂತೆ. ಅವರನ್ನ ಇನ್ನೊಂದು ಸಲ ಮಾತಾಡ್ಸಿ. ಜೇಬಲ್ಲಿ ಎಷ್ಟಿರ್ತಿತ್ತು, ಮ್ಯಾಚಿಗೆ ಹೋಗೋದು ಅಂತ ಯಾವಾಗ ತೀರ್ಮಾನ ಮಾಡ್ತಿದ್ರು, ಹಿಂದಿನ ವಾರವೋ ಅಥವಾ ಅವತ್ತು ಊಟ ಆದಮೇಲೋ? ನನ್ನ ಅಂದಾಜು ಊಟ ಆದಮೇಲೆ. ಈಗ ಅದು ಆಗದ ಮಾತು, ಕಾರ್ಡು, ಮೆಂಬರ್‌ಶಿಪ್ಪು, ವೇಟಿಂಗ್ ಲಿಸ್ಟು, ಮೇಲೆ ಟೀವಿಯವರಿಗೋಸ್ಕರ ಮ್ಯಾಚು ಸೋಮವಾರ ರಾತ್ರಿಗೆ ಹೋದ್ರೆ ವಾಪಸ್ ಬರೋಕೆ ಕೊನೇ ರೈಲೂ ಇರಲ್ಲ. ಕಂಕುಳಲ್ಲಿ ಬಂದ ಹುಡುಗನಿಗೂ ಒಂದು ಸೀಟು, ಆ ಸೀಟಿಗೊಂದು ಟಿಕೆಟ್ಟು. ಬೆಲೆ ಏರಿದ್ದು ಟಿಕೆಟ್ಟಿನ ಮೇಲೆ ಮಾತ್ರ ಅಲ್ಲ.

ಲೇಖನ ಇಲ್ಲಿಂದ ಶುರು ಮಾಡಿ. 'ಫುಟ್‌ಬಾಲ್ ಜಗತ್ತಿನ ಅತ್ಯಂತ ಜನಪ್ರಿಯ ಕ್ರೀಡೆ' ಅನ್ನೋ ಮೊದಲ ಎರಡು ಪ್ಯಾರಾ ತೆಗೆದುಬಿಡಿ, ಅದು ಗೊತ್ತಿಲ್ಲದವರು ನಿಮ್ಮ ಲೇಖನ ತೆಗೆಯಲ್ಲ.

ಒಂದು ಚಿತ್ರ ಬೇಕಂದ್ರೆ ನಾನು ಕೊಡ್ತೀನಿ. 1992ರಲ್ಲಿ ಆರ್ಸೆನಲ್ ಕ್ಲಬ್‌ನವರು ತಮ್ಮ ಹೈಬರಿ ಮೈದಾನದಲ್ಲಿ ನಿಂತು ನೋಡೋ ನಾರ್ತ್ ಬ್ಯಾಂಕ್ ಸ್ಟ್ಯಾಂಡ್ ಒಡೆದು ಸೀಟು ಹಾಕೋವಾಗ, ಕಟ್ಟಡ ಕೆಲಸ ಕಾಣದ ಹಾಗೆ ಗೋಲಿನ ಹಿಂದೆ ದೊಡ್ಡ ಪರದೆ ನಿಲ್ಸಿದ್ರು, ಅದರ ತುಂಬ ಬಣ್ಣದಲ್ಲಿ ಬರೆದ ಸಾವಿರಾರು ಅಭಿಮಾನಿಗಳು. ಮೊದಲು ಬರೆದಾಗ ಅದರಲ್ಲಿ ಒಬ್ಬ ಕಪ್ಪು ಮನುಷ್ಯನೂ ಇರಲಿಲ್ಲ, ಆಮೇಲೆ ತಿದ್ದಿದ್ರು. ನಿಂತು ಕೂಗ್ತಿದ್ದ ಜನ ಹೋಗಿ ಆ ಜಾಗದಲ್ಲಿ ಚಿತ್ರದ ಜನ. ಇದಕ್ಕೆ ವ್ಯಾಖ್ಯಾನ ಬರೀಬೇಡಿ ದಯವಿಟ್ಟು, ನಿಮಗೆ ಆ ಚಟ ಇದೆ.

ಜರ್ಮನಿ ಪ್ಯಾರಾ ಚೆನ್ನಾಗಿದೆ ಆದ್ರೆ ಸ್ವರ್ಗದ ಹಾಗೆ ಬರೆದಿದೀರ. ಅಲ್ಲಿ ಅಗ್ಗ ಇರೋದು ಅವರ ಒಳ್ಳೇತನಕ್ಕಲ್ಲ, 50+1 ಅನ್ನೋ ನಿಯಮ ಕ್ಲಬ್ಬಿನ ಸದಸ್ಯರ ಕೈಗೇ ಹೆಚ್ಚಿನ ಮತ ಕೊಡುತ್ತೆ, ನಿಲ್ಲೋ ಸ್ಟ್ಯಾಂಡುಗಳೂ ಉಳಿದಿವೆ, ಡಾರ್ಟ್‌ಮಂಡ್‌ನ ಒಂದೇ ಸ್ಟ್ಯಾಂಡಲ್ಲಿ 24 ಸಾವಿರಕ್ಕೂ ಮೇಲೆ ಜನ ನಿಲ್ತಾರೆ. ಹಾಗಿದ್ದೂ 2016ರಲ್ಲಿ ಅದೇ ಡಾರ್ಟ್‌ಮಂಡ್ ಅಭಿಮಾನಿಗಳು ಸ್ಟುಟ್‌ಗಾರ್ಟ್‌ನಲ್ಲಿ ಟಿಕೆಟ್ ದುಬಾರಿ ಆಯ್ತು ಅಂತ ಮೈದಾನಕ್ಕೆ ಟೆನಿಸ್ ಬಾಲ್ ಎಸೆದಿದ್ರು. ಎರಡು ಸಾಲಲ್ಲಿ ಹೇಳಿ ಮುಂದೆ ಹೋಗಿ.

2026ರ ವಿಶ್ವಕಪ್ಪಿನದ್ದು, 2025ರಲ್ಲಿ ಮೊದಲು ಘೋಷಿಸಿದಾಗ 60 ಡಾಲರ್‌ನಿಂದ 6,730 ಡಾಲರ್ ತನಕ ಇದ್ದಿದ್ದು, ಬೇಡಿಕೆ ನೋಡಿ ರೇಟು ಏರಿಳಿಸೋದು, ಅದು ಬೇರೆ ಲೇಖನ. ಬಾಲ ಕತ್ತರಿಸಿ ಪಕ್ಕಕ್ಕಿಡಿ, ಬೇಕಾದ್ರೆ ಆಮೇಲೆ ಮಾತಾಡೋಣ.

ಈಗ 2,600 ಪದ ಇದೆ, 1,800ಕ್ಕೆ ತನ್ನಿ. ಅವಸರ ಇಲ್ಲ, ಆ ಹಿರಿಯರ ಹತ್ರ ಮಾತಾಡೋಕೆ ಮುಂಚೆ ಮಾತ್ರ ಕಳಿಸಬೇಡಿ. ಅವರಿಗೆ ಒಪ್ಪಿಗೆ ಇದ್ಯಾ, ಹೆಸರು ಹಾಕಬಹುದಾ ಅಂತಾನೂ ಕೇಳ್ಕೊಳ್ಳಿ. ಮತ್ತೆ ಹಿಲ್ಸ್‌ಬರೋ ಸಾಲನ್ನ ನಿಮ್ಮ ಕಾಪಿಯಲ್ಲಿ ಇವತ್ತೇ ಅಳಿಸಿಬಿಡಿ, ಎರಡನೇ ಡ್ರಾಫ್ಟ್ ತನಕ ಕಾಯಬೇಡಿ.