ಓದುಗರ ಪ್ರಶ್ನೆ: ರೊಡ್ಡ ಹೀರೋ ಬಲಗೈಗೆ ಯಾಕ ಬಂದ?

ಪ್ರಶ್ನೆ: ನಮಸ್ಕಾರ್ರಿ ಅಣ್ಣಾರ. ನನ್ ಮಗಗ ಹತ್ತು ವರ್ಷ, ರೊಡ್ಡ ಇದ್ದಾನ, ಬರಿಯೂದು ಚೆಂಡು ಒಗಿಯೂದು ಎಲ್ಲಾ ಎಡಗೈಲೆ. ಅವರ ಮಾಮಾ ಒಂದು ಹಳೆ ನಿಂಟೆಂಡೊ ಸ್ವಿಚ್ ಗೇಮ್ ಮಷೀನ್ ಕೊಟ್ಟಾರ, ಅದರಾಗ ಝೆಲ್ಡಾ ಅನ್ನೂ ಆಟ ಆಡ್ತಾನ, ಅದರ ಹೀರೋ ಹೆಸರು ಲಿಂಕ್. ಮೊನ್ನೆ ಹಳೆ ಝೆಲ್ಡಾ ವಿಡಿಯೋ ನೋಡಿ "ಅವ್ವಾ, ಲಿಂಕ್ ಮೊದ್ಲ ನನ್ನಂಗ ರೊಡ್ಡ ಇದ್ದ, ಈಗ ಬಲಗೈದಾಗ ಕತ್ತಿ ಹಿಡ್ದಾನ, ಅವಂಗೂ ಯಾರರ ಬೈದ್ರೇನು?" ಅಂತ ಕೇಳ್ದ. ಊಟಕ್ಕ ಕುಂತಾಗ ನಮ್ಮತ್ತಿ ದಿನಾ ಬೈತಾರ, ಅದಕ್ಕ ಹಂಗ ಕೇಳ್ಯಾನ. ಏನ್ ಹೇಳ್ಲಿ?
ಒಬ್ಬ ತಾಯಿ, ಆಳಂದ ರೋಡ್, ಕಲಬುರಗಿ

ಉತ್ತರ: ತಂಗಿ, ಮೊದ್ಲ ಮಗಗ ಇಷ್ಟು ಹೇಳ್ರಿ, ಲಿಂಕ್‌ಗೆ ಯಾರೂ ಬೈದಿಲ್ಲ. ಅವನ ಕೈ ಬದಲಾಗಿದ್ದು ಆಡೋರ ಕೈಯಾಗಿನ ರಿಮೋಟ್ ಸಲುವಾಗಿ.

ಮೊದಲನೇ ಝೆಲ್ಡಾ ಜಪಾನ್‌ದಾಗ ಬಂದಿದ್ದು 1986ರಾಗ. ಆಗಿನ ಆಟಗಳಿಗೆ ಮೆಮೊರಿ ಭಾಳ ಕಮ್ಮಿ, ಹೀರೋ ಒಂದು ಕಡಿ ನಡಿಯೂ ಚಿತ್ರಾ ಬಿಡಿಸಿ ಅದನ್ನೇ ಕನ್ನಡಿಯಾಗಿನಂಗ ತಿರುವಿ ಇನ್ನೊಂದು ಕಡಿಗೂ ಹಾಕ್ತಿದ್ರು, ಹಂಗಾಗಿ ಲಿಂಕ್ ಹೊಳ್ಳಿದ್ರ ಕತ್ತಿ ಹಿಡಿಯೂ ಕೈನೂ ಹೊಳ್ಳತಿತ್ತು. ಝೆಲ್ಡಾ ಸರಣಿಯಾಗ 1998ರಾಗ ಬಂದ ಒಕರಿನಾ ಆಫ್ ಟೈಮ್ ಅನ್ನೂದು 3ಡಿ ಆಟ, ಅದರಾಗ ಅನುಮಾನನೇ ಇಲ್ಲ, ಎಡಗೈದಾಗ ಕತ್ತಿ ಬಲಗೈದಾಗ ಢಾಲು.

ಕೈ ಬದಲಾಗಿದ್ದು 2006ರಾಗ. ಟ್ವೈಲೈಟ್ ಪ್ರಿನ್ಸೆಸ್ ಅನ್ನೂ ಝೆಲ್ಡಾ ಆಟನ ನಿಂಟೆಂಡೊದ ಗೇಮ್‌ಕ್ಯೂಬ್ ಮಷೀನ್ ಸಲುವಾಗಿ ಮಾಡಾಕ ಹತ್ತಿದ್ರು, ಅಷ್ಟೊತ್ತಿಗೆ ಅವರದೇ ಹೊಸಾ ಮಷೀನ್ ವೀ ಬಂತು, ವೀ ಅಂದ್ರ ರಿಮೋಟ್ ಬೀಸಿದ್ರ ಆಟದಾಗಿನ ಹೀರೋ ಕತ್ತಿ ಬೀಸ್ತಾನ. ಮಂದಿಯಾಗ ಹೆಚ್ಚಿನೋರು ಬಲಗೈಯವರು, ನೀವು ಬಲಗೈ ಬೀಸಿ ಅಲ್ಲಿ ಅವ ಎಡಗೈ ಬೀಸಿದ್ರ ಕಣ್ಣಿಗೂ ಕೈಗೂ ತಾಳ ಕೂಡಂಗಿಲ್ಲ. ಅದಕ್ಕ ಲಿಂಕ್ ಒಬ್ಬನ್ನೇ ಅಲ್ಲ, ಇಡೀ ಆಟನೇ ಕನ್ನಡಿಯಾಗ ತಿರುವಿಬಿಟ್ರು. ಗೇಮ್‌ಕ್ಯೂಬ್‌ದಾಗ ಪೂರ್ವಕ್ಕಿದ್ದ ಊರು ವೀದಾಗ ಪಶ್ಚಿಮಕ್ಕ! ಒಂದೇ ಆಟ, ಒಂದೇ ವರ್ಷ, ಒಂದರಾಗ ರೊಡ್ಡ ಇನ್ನೊಂದರಾಗ ಬಲಗೈ. 2016ರಾಗ ಅದೇ ಆಟ ವೀ ಯು ಮಷೀನಿಗೆ ಮತ್ತ ಬಂದಾಗ ಸಾದಾ ಮೋಡ್‌ದಾಗ ಎಡಗೈ, ಹೀರೋ ಮೋಡ್‌ದಾಗ ತಿರುವಿದ್ದು. ಗೇಮ್‌ಕ್ಯೂಬ್‌ದು, ವೀದು ಎರಡೂ ವಿಡಿಯೋ ಹುಡುಗಗ ಒಟ್ಟಿಗೆ ತೋರ್ಸ್ರಿ, ಅವಗೇ ತಿಳೀತದ.

2011ರ ಸ್ಕೈವರ್ಡ್ ಸೋರ್ಡ್‌ದಾಗ ಕತ್ತಿ ನಿಮ್ಮ ಕೈ ತಿರುವಿದಂಗ ತಿರುಗ್ತದ, ಅಲ್ಲಿ ಬಲಗೈ ಹೀರೋ ಬೇಕಾಗಿತ್ತು, ಒಪ್ತೀನಿ. ಆದ್ರ 2017ರ ಬ್ರೆತ್ ಆಫ್ ದ ವೈಲ್ಡ್ ಬಟನ್ ಆಟ, ಅಲ್ಲಿ ಹೊಡಿಯೂ ಬಟನ್ ಕಂಟ್ರೋಲರ್ ಬಲಕ್ಕ ಅದ ಅಂತ ಬಲಗೈ ಇಟ್ಟಾರ. ಈ ಕಾರಣ ನನಗ ಒಪ್ಪಿಗಿ ಇಲ್ಲ. ಬಟನ್ ಒತ್ತೂ ಬೆರಳಿಗೂ ಹೀರೋನ ಕೈಗೂ ಏನ್ರಿ ಸಂಬಂಧ? 2013ರ ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್‌ದಾಗ ಹೊಡಿಯೂ ಬಟನ್ ಬಲಕ್ಕೇ ಇತ್ತು, ಲಿಂಕ್ ರೊಡ್ಡ ಇದ್ದ, ಆಡೋರಿಗೆ ಒಂಚೂರೂ ತ್ರಾಸ ಆಗ್ಲಿಲ್ಲ. ಎಡಗೈ ಹೀರೋ ಸಿಗೂದೇ ಕಮ್ಮಿ, ಇದ್ದೊಬ್ಬನ್ನ ಸುಮ್‌ಸುಮ್ಮನ ಕಳ್ಕೊಂಡ್ವಿ ಅಂತ ನನಗ ಇನ್ನೂ ಬ್ಯಾಸರ ಅದ. ನಾನೂ ರೊಡ್ಡನೇ ತಂಗಿ, ಸಾಲ್ಯಾಗ ಎಡಗೈ ಬೆರಳ ಮ್ಯಾಲ ಪಟ್ಟಿಲೆ ಹೊಡಸ್ಕೊಂಡು ಬಲಗೈಲೆ ಬರಿಯೂದು ಕಲ್ತೆ, ಇವತ್ತಿಗೂ ಅಕ್ಷರ ಛಂದ ಬರಂಗಿಲ್ಲ. ನಿಮ್ಮ ಹುಡುಗಗ ಅದು ಆಗಬಾರ್ದು. ಊಟದ ಮಾತು ಅತ್ತಿಯವರ ಕೂಡ ಸಮಾಧಾನ್ಲೆ ಮಾತಾಡ್ರಿ, ಬರಿಯೂ ಕೈ ಆಡೂ ಕೈ ಮಾತ್ರ ಯಾರೂ ಮುಟ್ಟದಂಗ ನೋಡ್ಕೋರಿ.

ಆಡೂ ಮುಂದ ಅವಗ ತ್ರಾಸ ಆದ್ರ ಸ್ವಿಚ್ ಸೆಟ್ಟಿಂಗ್ಸ್‌ದಾಗ ಬಟನ್ ಅದಲು ಬದಲು ಮಾಡೂ ಆಯ್ಕೆ ಅದ, 2020ರ ಅಪ್‌ಡೇಟ್‌ದಾಗ ಬಂದದ್ದು. ಬಟನ್ ಆಟದಾಗ ರೊಡ್ಡ ಹುಡುಗರಿಗೆ ಬಹಳ ಸಲ ಅದರ ಜರೂರತ್ತೇ ಬೀಳಂಗಿಲ್ಲ, ಯಾಕಂದ್ರ ಹೀರೋನ್ನ ನಡಸೂ ಸ್ಟಿಕ್ ಮೊದ್ಲೇ ಎಡಕ್ಕ ಇರ್ತದ.

ಪ್ರಶ್ನೆ: ಸರ್, ನಾನು ರೊಡ್ಡ, ಕಂಪ್ಯೂಟರ್‌ದಾಗ ಕೌಂಟರ್-ಸ್ಟ್ರೈಕ್ ಆಡ್ತೀನಿ. ದೋಸ್ತರೆಲ್ಲ ಮೌಸ್ ಬಲಗೈಲೆ ಹಿಡಿ ಅಂತಾರ. ಹಿಡೀಲೋ ಬ್ಯಾಡೋ?
ಪಿಯುಸಿ ವಿದ್ಯಾರ್ಥಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ತಮ್ಮಾ, ಮೌಸ್ ಅಂದ್ರ ಗುರಿ ಇಡೂ ಕೆಲಸ, ಕೈಚಳಕ ಬೇಕಾಗೂದು ಅಲ್ಲೇ. ಎಡಗೈಗೆ ಗುರಿ ಛಲೋ ಕೂಡತದ ಅಂದ್ರ ಎಡಗೈಲೇ ಹಿಡಿ. ನಡಿಯಾಕ ಎಡಗಡಿ ಇರೂ ಡಬ್ಲ್ಯೂಎಎಸ್‌ಡಿ ಕೀ ಬಿಟ್ಟು ಬಲಗಡಿ ಐಜೆಕೆಎಲ್ ಇಲ್ಲಾ ಬಾಣದ ಕೀ ಇಟ್ಕೊ, ಬಾಣದ ಕೀ ಆದ್ರ ಬಲಗಡಿ ಶಿಫ್ಟ್, ಕಂಟ್ರೋಲ್, ಎಂಟರ್ ಎಲ್ಲಾ ಬೆರಳಿಗೆ ಹತ್ತಿರ ಸಿಗ್ತಾವ. ಮೌಸ್ ಕೊಳ್ಳೂ ಮುಂದ ಎರಡೂ ಕಡಿ ಒಂದೇ ಆಕಾರ ಇರೂದು ತಗೊ, ಬಲಗೈ ಹೆಬ್ಬೆರಳಿಗಂತ ಕೊರೆದಿದ್ದು ನಿನಗ ಆಗಂಗಿಲ್ಲ.

ಆಟದಾಗ ಬಂದೂಕು ಯಾವ ಕೈದಾಗ ಕಾಣ್ಬೇಕು ಅನ್ನೂದು ಬ್ಯಾರೆ ಮಾತು. 2023ರ ಸೆಪ್ಟೆಂಬರ್‌ದಾಗ ಕೌಂಟರ್-ಸ್ಟ್ರೈಕ್ 2 ಬಂದಾಗ ಹಳೆ ಆಟದಾಗಿದ್ದ ಎಡಗೈ ಆಯ್ಕೆನೇ ಕೊಟ್ಟಿರಲಿಲ್ಲ, 2024ರ ಏಪ್ರಿಲ್‌ದಾಗ ವಾಪಸ್ ತಂದ್ರು. ಈಗ ಆಡ್ತಾ ಆಡ್ತಾನೇ ಎಚ್ ಒತ್ತಿದ್ರ ಕೈ ಬದಲಾಗ್ತದ. ಬಂದೂಕು ಬಲಕ್ಕಿದ್ರ ಸ್ಕ್ರೀನಿನ ಬಲಮೂಲಿ ಮುಚ್ತದ, ಎಡಕ್ಕಿದ್ರ ಎಡಮೂಲಿ, ಅದಕ್ಕ ಬಲಗೈಯವರೂ ಗ್ವಾಡಿ ಮೂಲಿ ಬಂದ ಕಡಿ ಬದಲಿ ಮಾಡ್ಕೊಂಡು ನೋಡ್ತಾರ.

ಪ್ರಶ್ನೆ: ನಾವು ಮೂರು ಮಂದಿ ದೋಸ್ತರು ಬೀದರ್ ಕೋಟ್ಯಾಗ ನಡಿಯೂ ಒಂದು ಮೊಬೈಲ್ ಆಟ ಮಾಡ್ಲಿಕತ್ತೀವಿ, ಹೀರೋ ಕೈಯಾಗ ಕತ್ತಿ. ಎಡಗೈಯವರಿಗೂ ಸರಿ ಆಗೂಹಂಗ ಮಾಡೂದು ಹ್ಯಾಂಗ? ಇಡೀ ಆಟ ತಿರುವಿಬಿಟ್ರ ಮುಗೀತಲ್ರಿ?
ಇಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್

ಉತ್ತರ: ತಿರುವಬ್ಯಾಡ್ರಿ! ಮಹಮೂದ್ ಗಾವಾನ್ ಮದರಸಾಕ್ಕ ಉಳಿದಿರೂದು ಒಂದೇ ಮಿನಾರು, ನಿಮ್ಮ ಆಟದಾಗ ಅದು ಆ ಕಡಿಯಿಂದ ಈ ಕಡಿಗೆ ಬಂದ್ರ ಬೀದರ್ ಮಂದಿ ಮೊದಲನೇ ದಿನಾನೇ ಕೇಳ್ತಾರ, ಮ್ಯಾಲ ಬೋರ್ಡಿನ ಕನ್ನಡ ಅಕ್ಷರನೂ ಉಲ್ಟಾ ಆಗ್ತಾವ. ಊರು ಹೆಂಗದ ಹಂಗೇ ಇರ್ಲಿ, ಹೀರೋನ್ನ ಮಾತ್ರ ತಿರುವ್ರಿ, ಕತ್ತಿ, ಒರೆ, ಢಾಲು ಮೂರೂ ಕೂಡೇ ತಿರುಗ್ಬೇಕು, ಎಡಗೈದಾಗ ಕತ್ತಿ ಕೊಟ್ಟು ಒರೆನೂ ಎಡಸೊಂಟಕ್ಕೇ ಬಿಟ್ರ ಹಿರಿದು ತಗಿಯೂ ಆನಿಮೇಷನ್ ಕೆಡ್ತದ. ಮಾರಿ ಮ್ಯಾಲ ಗಾಯದ ಕಲೆ ಇದ್ರ ಅದನ್ನ ಬ್ಯಾರೆ ಇಡ್ರಿ, ಇಲ್ಲಂದ್ರ ಕೈ ಬದಲಾದಾಗೊಮ್ಮೆ ಗಾಯಾನೂ ಗಲ್ಲ ಬದಲಿ ಮಾಡ್ತದ.

ಬಟನ್ ಆಯ್ಕೆ ಇದರಾಗ ಕಲಸಬ್ಯಾಡ್ರಿ. ಹೀರೋನ ಕೈಗೆ ಒಂದು ಆಯ್ಕೆ, ಸ್ಕ್ರೀನ್ ಮ್ಯಾಲಿನ ಬಟನ್ ಎತ್ತ ಇರ್ಬೇಕು ಅನ್ನೂದಕ್ಕ ಇನ್ನೊಂದು, ಯಾಕಂದ್ರ ರೊಡ್ಡ ಆಡೋರಾಗೂ ಕೆಲವರಿಗೆ ನಡಸೂ ಸ್ಟಿಕ್ ಎಡಕ್ಕೇ ಬೇಕು, ಕೆಲವರಿಗೆ ಗುರಿ ಇಡೂದು ಎಡಕ್ಕ ಬೇಕು. ಮೊಬೈಲ್‌ದಾಗ ಬಟನ್ ಬೆರಳಿಲೆ ಎಳದು ಬೇಕಾದಲ್ಲಿ ಇಡಾಕ ಬಿಡ್ರಿ, ಬಿಜಿಎಂಐ ಅನ್ನೂ ಬಂದೂಕಿನ ಮೊಬೈಲ್ ಆಟದಾಗ ಹುಡುಗರು ಹಂಗೇ ಮಾಡ್ಕೋತಾರ, ರೂಢಿ ಅದ. ಆಟ ಶುರು ಆದ ಕೂಡಲೇ, ಮೊದಲನೇ ಹೊಡದಾಟಕ್ಕಿಂತ ಮುಂಚೇನೇ, "ಕತ್ತಿ ಯಾವ ಕೈದಾಗ?" ಅಂತ ಕೇಳ್ರಿ. ತಯಾರಾದ ಮ್ಯಾಲ ನಮ್ಮ ವಿಳಾಸಕ್ಕ ಕಳಸ್ರಿ, ನಾನು ಎಡಗೈದಾಗ ಇಟ್ಕೊಂಡೇ ಆಡ್ತೀನಿ.